ಕಂಪ್ಯೂಟರ್ ಪ್ರಶ್ನೋತ್ತರ: ಸದ್ದಿಲ್ಲದ ಎಸ್‌ಎಂಪಿಎಸ್ ಯಾವುದು?

ಪ್ರಶ್ನೆ: ಸಾರ್, ಮನೇಲೇ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತೀನಿ. ರೈಜನ್ 5 5600 ಪ್ರೊಸೆಸರ್, ಆಮೇಲೆ ಹಾಕಿಸಿದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಮಾತ್ರ ಕ್ಯಾಬಿನೆಟ್ ಜೊತೆ ಬಂದಿದ್ದೇ, 450 ವ್ಯಾಟ್ ಅಂತ ಬರೆದಿದೆ. ರಾತ್ರಿ ರೆಂಡರಿಂಗ್‌ಗೆ (ಎಡಿಟ್ ಆದ ವಿಡಿಯೋ ಫೈಲ್ ತಯಾರಾಗೋಕೆ) ಬಿಟ್ರೆ ಗುಂಯ್ ಅಂತ ಶುರು ಮಾಡುತ್ತೆ, ಇರೋದೊಂದೇ ರೂಮು, ಮಗು ಎದ್ದುಬಿಡುತ್ತೆ. ಮಧ್ಯದಲ್ಲೇ ಆಫ್ ಆಗಿದ್ದೂ ಉಂಟು. ಅಂಗಡಿಯವ್ರು 850 ವ್ಯಾಟ್ ಗೋಲ್ಡ್ ಹಾಕಿಸಿ ಅಂತಾರೆ. ಅಷ್ಟು ಬೇಕಾ?
– ಓದುಗರು, ಚಿಂತಾಮಣಿ

ಉತ್ತರ: 850 ಬೇಡ ಸಾರ್. ಹಾಕಿಸಿದ್ರೆ ಕೆಡೋದೇನಿಲ್ಲ, ಆದ್ರೆ ಆ ದುಡ್ಡಲ್ಲಿ ಇನ್ನೊಂದು ಎಸ್‌ಎಸ್‌ಡಿ ಬರುತ್ತೆ. ಲೆಕ್ಕ ಹಾಕಿ ನೋಡಿ, 3060 ಕಾರ್ಡ್ 170 ವ್ಯಾಟ್ ಎಳೆಯುತ್ತೆ, ಪ್ರೊಸೆಸರ್ ಮೇಲೆ 65 ಅಂತಿದ್ರೂ ರೆಂಡರಿಂಗಲ್ಲಿ ಸ್ವಲ್ಪ ಜಾಸ್ತಿನೇ, ಬೋರ್ಡು ಡಿಸ್ಕು ಫ್ಯಾನು ಎಲ್ಲಾ ಸೇರಿಸ್ಕೊಂಡ್ರೂ 300ರ ಆಸುಪಾಸು. ಈ ಕಾರ್ಡಿಗೆ ಅದ್ರ ಚಿಪ್ ಮಾಡೋ ಎನ್‌ವಿಡಿಯಾದವ್ರೇ ಹೇಳೋದು 550 ವ್ಯಾಟ್ ಎಸ್‌ಎಂಪಿಎಸ್. ಒಳ್ಳೇದು 550 ತಗೊಳ್ಳಿ, ಮುಂದೆ ದೊಡ್ಡ ಕಾರ್ಡ್ ಹಾಕೋ ಯೋಚನೆ ಇದ್ರೆ 650.

ಹಂಗಾದ್ರೆ ಈಗಿರೋ 450 ಯಾಕೆ ಒದ್ದಾಡ್ತಿದೆ ಅಂತೀರ? ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಾಕಿ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ದಪ್ಪಕ್ಷರದ 450 ಬಿಡಿ, ಕೆಳಗೆ ಒಂದು ಸಣ್ಣ ಟೇಬಲ್ ಇರುತ್ತೆ, ಅದ್ರಲ್ಲಿ +12 ವೋಲ್ಟ್ ಅನ್ನೋ ಕಡೆ ಎಷ್ಟು ಆಂಪ್ ಇದೆ ನೋಡಿ. 14 ಅಂತಿದ್ರೆ 12ನ್ನ 14ರಿಂದ ಗುಣಿಸಿ, 168 ವ್ಯಾಟ್ ಅಷ್ಟೇ! ಪ್ರೊಸೆಸರೂ ಕಾರ್ಡೂ ತಿನ್ನೋದು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್ ಲೈನಿಂದಲೇ. ಉಳಿದ ವ್ಯಾಟೆಲ್ಲಾ 3.3, 5 ವೋಲ್ಟ್ ಲೈನಿನ ಲೆಕ್ಕ ತೋರ್ಸಿ ತುಂಬಿಸಿರ್ತಾರೆ, ಈಗಿನ ಕಂಪ್ಯೂಟರಿಗೆ ಅದು ಬೇಕಾಗೋದೇ ಸ್ವಲ್ಪ. ಸರಿಯಾದ 550 ಆದ್ರೆ 12 ವೋಲ್ಟಲ್ಲಿ 45 ಆಂಪ್, ಅಂದ್ರೆ 540 ವ್ಯಾಟ್ ಬರೆದಿರುತ್ತೆ. ಅಂಗಡೀಲಿ ಡಬ್ಬದ ಮೇಲಿನ ಬಣ್ಣ ನೋಡ್ಬೇಡಿ, ಈ ಟೇಬಲ್ ತೋರ್ಸಿ ಅನ್ನಿ.

ಇನ್ನು ಸದ್ದು. ಎಸ್‌ಎಂಪಿಎಸ್‌ನಲ್ಲಿ ಸುತ್ತೋದು ಫ್ಯಾನ್ ಒಂದೇ, ಫ್ಯಾನ್ ಜೋರಾಗೋದು ಬಿಸಿಯಿಂದ. 80 ಪ್ಲಸ್ ಅಂತ ಸರ್ಟಿಫಿಕೇಟ್ ಇದ್ಯಲ್ಲ, ಗೋಡೆಯಿಂದ ಎಳೆದ ಕರೆಂಟಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತೆ ಅನ್ನೋದ್ರದ್ದು, 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ ಬ್ರಾಂಜ್ ಗ್ರೇಡು 85 ಪರ್ಸೆಂಟ್, ಗೋಲ್ಡ್ 90 ಪರ್ಸೆಂಟ್ ಕೊಡ್ಬೇಕು. ನಿಮ್ಮ 300 ವ್ಯಾಟಿಗೆ ಆ ಲೆಕ್ಕ ಹಿಡಿದ್ರೆ ಬ್ರಾಂಜ್ ಒಳಗೆ 53 ವ್ಯಾಟ್ ಬಿಸಿಯಾಗಿ ಹೋಗುತ್ತೆ, ಗೋಲ್ಡ್ ಒಳಗೆ 33. ಆ 20 ವ್ಯಾಟ್ ಕಮ್ಮಿ ಆಗಿದ್ದಕ್ಕೆ ಫ್ಯಾನ್ ನಿಧಾನ ತಿರುಗ್ಬೋದು, ಅದಕ್ಕೇ ನಿಮ್ಮಂಥವರಿಗೆ ಗೋಲ್ಡ್ ಅನ್ನೋದು, ಕರೆಂಟ್ ಬಿಲ್ ಉಳಿಯುತ್ತೆ ಅಂತಲ್ಲ. ಆದ್ರೆ ಒಂದು ಗಮನದಲ್ಲಿರ್ಲಿ, 80 ಪ್ಲಸ್‌ನವ್ರು ಸದ್ದು ಅಳೆಯೋದೇ ಇಲ್ಲ. ಅದನ್ನ ಅಳೆಯೋದು ಸೈಬನೆಟಿಕ್ಸ್ ಅನ್ನೋ ಇನ್ನೊಂದು ಪರೀಕ್ಷಾ ಸಂಸ್ಥೆಯವ್ರು, ಲ್ಯಾಂಬ್ಡಾ ಅಂತ ಅವ್ರ ಗ್ರೇಡು, ಎ ಪ್ಲಸ್ ಅಂದ್ರೆ 15ರಿಂದ 20 ಡೆಸಿಬೆಲ್ ಒಳಗೆ, ಬರೀ ಎ ಅಂದ್ರೆ 20ರಿಂದ 25. ಎ ಇದ್ರೂ ಮಗು ಮಲಗುತ್ತೆ. ಫ್ಯಾನ್ 120 ಎಂಎಂಗಿಂತ 135, 140 ಎಂಎಂ ಇದ್ರೆ ವಾಸಿ, ಬೇರಿಂಗು ಫ್ಲೂಯಿಡ್ ಡೈನಮಿಕ್ (ಎಣ್ಣೆ ಪದರದ ಮೇಲೆ ತಿರುಗೋದು) ಇರ್ಲಿ. ಲೋಡ್ ಕಮ್ಮಿ ಇದ್ದಾಗ ಫ್ಯಾನ್ ನಿಂತೇಬಿಡೋ ಮಾಡೆಲ್ಲೂ ಇವೆ, ನಿಮ್ದು ರಾತ್ರಿಯಿಡೀ ರೆಂಡರಿಂಗ್, ಹಾಗಾಗಿ ಅದಕ್ಕಂತ ಜಾಸ್ತಿ ಕೊಡ್ಬೇಡಿ.

ದುಡ್ಡು ಹಾಕೋಕ್ ಮುಂಚೆ ಒಂದು ಸಣ್ಣ ಕೆಲಸ. ಪೇಪರ್ ಕೊಳವೆ ಥರ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದನ್ನ ಮೊದಲು ಎಸ್‌ಎಂಪಿಎಸ್ ಹಿಂದಿನ ಜಾಲರಿ ಹತ್ರ, ಆಮೇಲೆ ಕಾರ್ಡ್ ಹತ್ರ ಹಿಡೀರಿ. ಗುಂಯ್ ಬರ್ತಿರೋದು ಕಾರ್ಡಿಂದಾದ್ರೆ ಎಸ್‌ಎಂಪಿಎಸ್ ಬದಲಾಯಿಸಿದ್ರೂ ಅದು ಹೋಗಲ್ಲ (ಆಫ್ ಆಗೋ ಕಥೆಗೆ ಹೆಂಗೂ ಬದಲಾಯಿಸ್ಲೇಬೇಕು ಬಿಡಿ). ಹೊಸದು ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋ ಥರದ್ದು) ಆಗಿದ್ರೆ ಅದ್ರ ಜೊತೆ ಬಂದ ಕೇಬಲ್ಲೇ ಹಾಕ್ಸಿ, ಬೇರೆ ಎಸ್‌ಎಂಪಿಎಸ್‌ದು ಸರಿಯಾಗಿ ಕೂತ್ರೂ ಪಿನ್ ಜೋಡಣೆ ಬೇರೆ ಇರ್ಬೋದು, ಹಾರ್ಡ್ ಡಿಸ್ಕ್ ಸುಟ್ಟೋಗುತ್ತೆ, ಮದುವೆ ಮನೆಯವ್ರಿಗೆ ಏನ್ ಹೇಳ್ತೀರ ಆಮೇಲೆ? ವಾರಂಟಿ ಐದು ವರ್ಷಕ್ಕೆ ಕಮ್ಮಿ ಬೇಡ, ಬಿಲ್ ಇಸ್ಕೊಳ್ಳಿ.

ಪ್ರಶ್ನೆ: ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ. ಎಸ್‌ಎಂಪಿಎಸ್ ಲೀಕ್ ಆಗ್ತಿದ್ಯಾ? ಚೇಂಜ್ ಮಾಡಿಸ್ಬೇಕಾ?
– ಓದುಗರು, ಗೌರಿಬಿದನೂರು

ಉತ್ತರ: ಎಸ್‌ಎಂಪಿಎಸ್ ಬಿಡಿ ಮೇಡಂ, ಮೊದ್ಲು ಅರ್ಥಿಂಗ್ ನೋಡ್ಸಿ. ಎಲ್ಲಾ ಒಳ್ಳೇ ಎಸ್‌ಎಂಪಿಎಸ್ ಒಳಗೂ ಫೇಸಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ತಗಡಿಗೆ ಬಂದಿರುತ್ತೆ, ಫಿಲ್ಟರ್ ಕೆಲಸಕ್ಕೆ. ಅರ್ಥ್ ಇದ್ರೆ ಅದ್ರಲ್ಲಿ ಬರೋ ಚೂರು ಕರೆಂಟ್ ನೆಲಕ್ಕೆ ಹೋಗುತ್ತೆ, ಇಲ್ದಿದ್ರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಅಂದ್ರೆ 115 ವೋಲ್ಟ್ ಹತ್ರ ಕೂತಿರುತ್ತೆ, ನೀವು ಮುಟ್ಟಿದಾಗ ಜುಂ. ಹೊಸದು ಹಾಕ್ಸಿದ್ರೂ ಇದೇ ಕಥೆ. ಹಂಗಂತ ಸುಮ್ನಿರ್ಬೇಡಿ, ಒಳಗೆ ನಿಜವಾಗ್ಲೂ ಏನಾದ್ರೂ ಶಾರ್ಟ್ ಆದ ದಿನ ಕಾಪಾಡೋಕೆ ಅರ್ಥ್ ಇರಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಸಿದ್ದೀರಾ ನೋಡಿ, ಇಲ್ಲಾಂದ್ರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿ ಚೆಕ್ ಮಾಡ್ಸಿ. ಬೋರ್‌ವೆಲ್‌ಗೆ ಸಾವಿರ ಅಡಿ ಇಳಿಸೋ ನಮ್ಮ ಕಡೆ ಬೇಸಿಗೇಲಿ ಗುಂಡಿ ಒಣಗದೆ ಇರುತ್ತಾ, ಆಗಾಗ ನೀರು ಹಾಕ್ಬೇಕು. ಯಾರಾದ್ರೂ ಅರ್ಥನ್ನ ನ್ಯೂಟ್ರಲ್‌ಗೇ ಸೇರಿಸ್ಬಿಡ್ತೀನಿ ಅಂದ್ರೆ ಒಪ್ಪಲೇಬೇಡಿ, ಜೀವಕ್ಕೆ ಅಪಾಯ.

ಪ್ರಶ್ನೆ: ಕರೆಂಟ್ ಹೋದಾಗ ಇನ್ವರ್ಟರ್ ಆನ್ ಆಗುತ್ತೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತೆ. ದುಬಾರಿ ಎಸ್‌ಎಂಪಿಎಸ್ ಹಾಕಿದ್ರೆ ಸರಿ ಹೋಗುತ್ತಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಹೋಗ್ಬೋದು, ಆದ್ರೆ ಮೊದ್ಲು ಇನ್ವರ್ಟರ್ ನೋಡಿ. ಒಳ್ಳೇ ಎಸ್‌ಎಂಪಿಎಸ್ ಫುಲ್ ಲೋಡಲ್ಲಿ ಕರೆಂಟಿಲ್ದೆ 16 ಮಿಲಿಸೆಕೆಂಡ್ ಆಸುಪಾಸು ತಡೆಯುತ್ತೆ, ಇನ್ವರ್ಟರ್ ಅಷ್ಟರೊಳಗೆ ಕೈ ಬದಲಾಯಿಸ್ಬೇಕು. ಎಷ್ಟೋ ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ಅದನ್ನ ಒತ್ತಿ ನೋಡಿ, ಖರ್ಚಿಲ್ದೆ ಮುಗಿದ್ರೂ ಮುಗೀಬೋದು. ಮುಗೀಲಿಲ್ಲ ಅಂದ್ರೆ ಕಂಪ್ಯೂಟರಿಗಂತ ಬೇರೆ ಯುಪಿಎಸ್ ಇಡಿ. ಆದ್ರೆ ಸಾಮಾನ್ಯವಾಗಿ ಸಿಗೋ 600 ವಿಎ ಅಂದ್ರೆ 360 ವ್ಯಾಟಷ್ಟೇ, ಮಾನಿಟರೂ ಅದ್ರಲ್ಲೇ ಬರ್ಬೇಕು. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನ ಮೇನ್ಸಿನ ಅಲೆಯ ಆಕಾರದಲ್ಲೇ ಎಳೆಯೋ ಸರ್ಕ್ಯೂಟ್) ಇರೋದ್ರಿಂದ ಸ್ಕ್ವೇರ್ ವೇವ್ (ನಯವಾದ ಅಲೆ ಬದಲು ಚೌಕಾಕಾರದ್ದು) ಕೊಡೋ ಹಳೇ ಇನ್ವರ್ಟರ್ ಜೊತೆ ಕೆಲವು ಹೊಂದ್ಕೊಳಲ್ಲ, ನಿಮ್ದು ಯಾವುದು ಅಂತ ಮಾಡೆಲ್ ನಂಬರ್ ಬರೆದು ಕಳ್ಸಿ, ಮುಂದಿನ ಸಂಚಿಕೇಲಿ ನೋಡೋಣ.