ನಗುವ ಇಮೋಜಿ ಹಾಕಿದ ಮಗ

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ. ಅವನ ಸ್ನೇಹಿತರ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಕ್ಲಾಸಿನ ಹುಡುಗಿಯ ಖಾಸಗಿ ಫೋಟೋ ನೋಡಿದೆ. ಅವಳು ಒಬ್ಬ ಹುಡುಗನನ್ನು ನಂಬಿ ಕಳಿಸಿದ್ದಂತೆ. ಮಗ ಅದಕ್ಕೆ ನಗುವ ಇಮೋಜಿ ಹಾಕಿದ್ದಾನೆ. ಕೇಳಿದರೆ "ನಾನೇನು ಫಾರ್ವರ್ಡ್ ಮಾಡಿಲ್ವಲ್ಲಮ್ಮಾ" ಅನ್ನುತ್ತಾನೆ. ಯಜಮಾನರು "ಗಂಡು ಹುಡುಗರು, ಇದೆಲ್ಲ ಇದ್ದದ್ದೇ. ಪರೀಕ್ಷೆ ಮುಗೀಲಿ" ಅಂತಾರೆ. ಫೋನ್ ಕಿತ್ತಿಟ್ಟಿದ್ದೇನೆ. ಮುಂದೇನು ಮಾಡಲಿ ಮೇಡಂ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಮಾಡಬಾರದ್ದು ಹೇಳಿಬಿಡುತ್ತೇನೆ. ಆ ಫೋಟೋವನ್ನು ಸಾಕ್ಷಿ ಅಂತ ಬೇರೆ ಅಮ್ಮಂದಿರಿಗೆ ಕಳಿಸಬೇಡಿ. ಹುಡುಗಿಗೆ 18 ತುಂಬಿಲ್ಲ. ಅಂಥ ಫೋಟೋ ಯಾರು ಹಂಚಿದರೂ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಸೆಕ್ಷನ್ 67ಬಿ ಅಡಿ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಅಳಿಸದೆ, ದೂರೂ ಕೊಡದೆ ಇಟ್ಟುಕೊಂಡರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲೂ ಸಿಕ್ಕಿಬೀಳಬಹುದು. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಗ್ರೂಪಿನ ವಿಷಯ ಹೇಳಿ, ಫೋನನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥದ್ದಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ಪರೀಕ್ಷೆ ಮುಗಿಯಲಿ ಅನ್ನುವ ಮಾತು ಬೇಡ. ಆ ಹುಡುಗಿಗೂ ಅದೇ ಪರೀಕ್ಷೆ ಇದೆ ಅಲ್ವಾ?

ಅವಳ ಮನೆಗೆ ನೀವೇ ಓಡಬೇಡಿ. ಸುದ್ದಿ ತಲುಪಿದ ದಿನವೇ ಅವಳ ಶಾಲೆ ನಿಂತುಹೋಗುವ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಅವಳು ನಂಬುವ ಟೀಚರ್ ಇದ್ದರೆ ಅವರು ಅವಳನ್ನೇ ಮೊದಲು ಮಾತಾಡಿಸಲಿ. ಫೋಟೋ ಇನ್‌ಸ್ಟಾಗ್ರಾಂಗೂ ಹೋಗಿದೆ ಅಂತ ಭಯವಿದ್ದರೆ ಅಂಥದ್ದನ್ನು ತೆಗೆಸಲು 'ಟೇಕ್ ಇಟ್ ಡೌನ್' ಅಂತ ಉಚಿತ ಆನ್‌ಲೈನ್ ಸೇವೆ ಇದೆ, ಅವಳೇ ಬಳಸಬಹುದು. ಫೋಟೋ ಅವಳ ಫೋನಿನಿಂದ ಆಚೆ ಹೋಗುವುದಿಲ್ಲ, ಅದನ್ನು ಪತ್ತೆಹಚ್ಚಲು ಬೇಕಾದ ಒಂದು ಡಿಜಿಟಲ್ ಗುರುತು (ಕೋಡ್) ಮಾತ್ರ ಹೋಗುತ್ತದೆ.

ಇನ್ನು ನಿಮ್ಮ ಮಗ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಗೆ ಕೆಲಸವಿದ್ದರೆ, ಮುಖ ನೋಡಬೇಕಿಲ್ಲದಿದ್ದರೆ ಈ ವಯಸ್ಸಿನವರು ಮಾತಾಡುತ್ತಾರೆ. "ಅವಳು ನಿನಗೆ ತೋರಿಸಿದ್ಲಾ?" ಅಂತ ಒಂದೇ ಪ್ರಶ್ನೆ ಕೇಳಿ, ಸುಮ್ಮನಿರಿ. ಒಬ್ಬನಿಗೆ ಕೊಟ್ಟದ್ದು ಇಡೀ ಗ್ರೂಪಿಗೆ ಕೊಟ್ಟ ಹಾಗಲ್ಲ ಅನ್ನುವುದು ಅವನಿಗೇ ಹೊಳೆಯಲಿ. "ನಿನ್ನ ತಂಗಿ ಆಗಿದ್ರೆ?" ಅನ್ನಬೇಡಿ. ಯಾರ ತಂಗಿಯೂ ಅಲ್ಲದ ಹುಡುಗಿಗೂ ಮರ್ಯಾದೆ ಇದೆ.

ಆ ಇಮೋಜಿ ಕೆಟ್ಟತನದಿಂದಲೇ ಬಂದಿರಬೇಕಿಲ್ಲ. ನಗದಿದ್ದರೆ ಗೆಳೆಯರು ಆಡಿಕೊಳ್ಳುತ್ತಾರೆ ಅನ್ನುವ ಹೆದರಿಕೆ ಜಾಸ್ತಿ. ಆದರೆ ಫೋಟೋ ಹಾಕಿದವನಿಗೆ ಧೈರ್ಯ ಬರುವುದು ಆ ನಗುವಿನಿಂದಲೇ. ಇದನ್ನು ಮಾತ್ರ ಬಿಡಿಸಿ ಹೇಳಿ. ಮುಂದಿನ ಸಲ ಏನು ಬರೆಯಬೇಕು ಅಂತ ಈಗಲೇ ಅವನ ಭಾಷೆಯಲ್ಲೇ ಹುಡುಕಿಸಿ. "ಲೋ, ತೆಗಿಯೋ ಅದನ್ನ, ಕೇಸ್ ಆಗುತ್ತೆ" ಅಂದರೂ ಸಾಕು. ನೀತಿಪಾಠದ ಹಾಗಿದ್ದರೆ ಯಾವ ಹುಡುಗನೂ ಬರೆಯುವುದಿಲ್ಲ.

ಫೋನನ್ನು ಎಷ್ಟು ದಿನ ಬಚ್ಚಿಟ್ಟರೂ ಪ್ರಯೋಜನ ಕಮ್ಮಿ. ಗೆಳೆಯನ ಫೋನಿನಲ್ಲಿ ನೋಡುತ್ತಾನೆ.

ನಿಮ್ಮ ಯಜಮಾನರ "ಇದ್ದದ್ದೇ" ಮಗನ ಕಿವಿಗೂ ಬಿದ್ದಿರುತ್ತದೆ. ಆ ಮಾತನ್ನು ಅವರೇ ಅವನೆದುರು ವಾಪಸ್ ತೆಗೆದುಕೊಳ್ಳಬೇಕು. ಈ ಉತ್ತರವನ್ನು ಅವರಿಗೆ ಓದಲು ಕೊಡಿ, ಬೈದುಕೊಂಡಾದರೂ ಓದಲಿ.