ಜೇನು ತರಬೇತಿಯ ಮೊದಲ ದಿನ ಏನನ್ನು ಕೇಳಬೇಕು?

ನಮಸ್ಕಾರ. ಇಪ್ಪತ್ತು ಮಂದಿ ರೈತರಿಗೆ ಐದು ದಿನಗಳ ತುಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಸಾಕಣೆ ತರಬೇತಿ ನಡೆಸಲಿದ್ದೀರಿ, ಆರಂಭದಲ್ಲಿ ಪ್ರಶ್ನೆಪತ್ರಿಕೆ ಕೊಡಬೇಕೇ ಎಂದು ಕೇಳಿದ್ದೀರಿ. ಬಂದವರಿಗೆ ಏನು ಗೊತ್ತಿದೆಯೆಂದು ಅರಿತುಕೊಳ್ಳುವುದು ಖಂಡಿತ ಬೇಕು, ಆದರೆ ಪ್ರಶ್ನೆಪತ್ರಿಕೆ ಬೇಡ. ಶಾಲೆ ಬಿಟ್ಟು ಮೂವತ್ತು ವರ್ಷಗಳಾದವರು ಕಾಗದ ಕಂಡೊಡನೆ ಹಿಂಜರಿಯುತ್ತಾರೆ. ಅವರ ಅನುಭವ ಕಾಗದದ ಮೇಲೆ ಬರುವುದೇ ಇಲ್ಲ.

ಮೊಟ್ಟಮೊದಲು, ಜೇನು ಕಚ್ಚಿದಾಗ ಯಾರಿಗಾದರೂ ಉಸಿರು ಕಟ್ಟಿದ್ದುಂಟೇ, ಮೈಯೆಲ್ಲ ದದ್ದು ಎದ್ದಿದ್ದುಂಟೇ ಎಂದು ಒಬ್ಬೊಬ್ಬರನ್ನೇ ಬದಿಗೆ ಕರೆದು ವಿಚಾರಿಸಿ. ಹೌದೆಂದವರು ವೈದ್ಯರನ್ನು ಕಾಣುವವರೆಗೆ ಪೆಟ್ಟಿಗೆಯ ಬಳಿ ಹೋಗುವುದು ಬೇಡ.

ಅನಂತರ ನಾನು ಎರಿಯ (ಜೇನುನೊಣಗಳು ಕಟ್ಟುವ ಮೇಣದ ಹಲ್ಲೆ) ದೊಡ್ಡ ಫೋಟೊ ತೋರಿಸಿ, ಅದರಲ್ಲಿ ಮರಿ ಬೆಳೆಯುವ ಕಣಗಳ ಪೈಕಿ ಕೆಲಸಗಾರ ನೊಣದ ಕಣ, ಗಂಡು ನೊಣದ ಕಣ, ರಾಣಿಯ ಕಣ ಯಾವುವೆಂದು ಕೇಳುತ್ತೇನೆ. ಮುಚ್ಚಳ ಉಬ್ಬಿ ನಡುವೆ ಸೂಜಿಮೊನೆಯಷ್ಟು ರಂಧ್ರವಿರುವ ಗಂಡು ಕಣವನ್ನೂ, ಎರಿಯ ಕೆಳ ಅಂಚಿನಲ್ಲಿ ನೆಲಗಡಲೆಯಂತೆ ಇಳಿಬಿದ್ದ ರಾಣಿ ಕಣವನ್ನೂ ಗುರುತಿಸಿದವರಿಗೆ ಕುಟುಂಬ ಪಾಲಾಗುವ (ನೊಣಗಳ ಒಂದು ಗುಂಪು ಬೇರೆಯಾಗಿ ಗೂಡು ಬಿಟ್ಟು ಹೋಗುವ) ಸೂಚನೆಯನ್ನು ಮೊದಲಿನಿಂದ ವಿವರಿಸಬೇಕಾಗಿಲ್ಲ. ಪ್ರತಿ ಉತ್ತರದೊಡನೆ ಅದು ಕಣ್ಣಾರೆ ಕಂಡದ್ದೋ, ಕೇಳಿದ್ದೋ, ಬರಿಯ ಊಹೆಯೋ ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ಗೊತ್ತಿಲ್ಲ ಎನ್ನುವವರಿಗೆ ಕಲಿಸುವುದಕ್ಕಿಂತ ತಪ್ಪನ್ನೇ ಖಚಿತವೆಂದು ನಂಬಿದವರಿಗೆ ಕಲಿಸಲು ಹೆಚ್ಚು ಸಮಯ ಬೇಕಾಗುತ್ತದೆ. ಹರಳುಗಟ್ಟಿದ ಜೇನುತುಪ್ಪವೆಲ್ಲ ಸಕ್ಕರೆ ಬೆರೆಸಿದ್ದು ಎಂಬ ಮಾತು ಪ್ರತಿ ತಂಡದಲ್ಲೂ ಬರುತ್ತದೆ; ಗ್ಲೂಕೋಸ್ ಹೆಚ್ಚಿರುವ ಶುದ್ಧ ತುಪ್ಪವೂ ಹರಳುಗಟ್ಟುತ್ತದೆ ಎಂದು ಒಮ್ಮೆ ಹೇಳಿದರೆ ಆ ನಂಬಿಕೆ ಹೋಗುವುದಿಲ್ಲ.

ಮನೋಭಾವವನ್ನು ತಿಳಿಯುವುದು ಇದಕ್ಕಿಂತ ಕಷ್ಟ. ಜೇನು ಸಾಕಣೆ ಒಳ್ಳೆಯದೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಹಿಂದೆ ಏನು ಮಾಡಿದಿರಿ, ಏಕೆ ನಿಲ್ಲಿಸಿದಿರಿ ಎಂದು ಕೇಳಬೇಕು. ನನ್ನ ಒಂದು ತಂಡದಲ್ಲಿ ಹಿರಿಯರೊಬ್ಬರು ಎರಡು ದಿನ ಮೌನವಾಗಿದ್ದರು; ಆಸಕ್ತಿಯಿಲ್ಲವೆಂದು ನಾನು ತಪ್ಪಾಗಿ ತಿಳಿದೆ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶಮಾಡಿದ, ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗದಲ್ಲಿ ಅವರ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು ಎಂಬುದು ಮೂರನೆಯ ದಿನ ಊಟದ ಹೊತ್ತಿನಲ್ಲಿ ತಿಳಿಯಿತು. ಮೊದಲ ದಿನವೇ ಕೇಳಿದ್ದರೆ, ರೋಗದ ಪಾಠವನ್ನು ಕೊನೆಗೆ ಇಡದೆ ಅವರ ಅನುಭವದಿಂದಲೇ ತರಬೇತಿಯನ್ನು ಆರಂಭಿಸುತ್ತಿದ್ದೆ. ಈಗಲೂ ಅದು ನನ್ನನ್ನು ನೋಯಿಸುತ್ತದೆ.

ಕೊನೆಯ ದಿನ ಅದೇ ಫೋಟೊಗಳನ್ನು ಮತ್ತೆ ತೋರಿಸಿ, ಉತ್ತರಗಳನ್ನು ಹೋಲಿಸಿ ನೋಡಿ. ಮೊದಲ ದಿನದ ಮಧ್ಯಾಹ್ನಕ್ಕೆ ಮಾತ್ರ ಯಾವ ಪಾಠವನ್ನೂ ಮುಂಚಿತವಾಗಿ ನಿಗದಿಪಡಿಸಬೇಡಿ. ಬೆಳಗಿನ ಉತ್ತರಗಳನ್ನು ಓದಿ ಅದನ್ನು ತೀರ್ಮಾನಿಸಿ.