ದುಡ್ಡು ಈಗಲೇ ಕಳಿಸಬೇಡಿ

ಆನ್‌ಲೈನ್‌ನಲ್ಲಷ್ಟೇ ಪರಿಚಯವಾದವರ ಜೊತೆ ಸಂಗೀತ ಕಾರ್ಯಕ್ರಮಕ್ಕೆ ಹೊರಟಿದ್ದೇನೆ, ಎರಡೂ ಟಿಕೆಟ್ ಅವರ ಮೊಬೈಲಿನಲ್ಲಿವೆ, ಬೆಂಗಳೂರಿನ ಅರಮನೆ ಮೈದಾನದಲ್ಲೇ ಮೊದಲ ಭೇಟಿ, ನನ್ನ ಟಿಕೆಟಿನ ದುಡ್ಡು ಈಗಲೇ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಟಿಕೆಟ್ ಕೊಂಡ ಆ್ಯಪ್‌ನಲ್ಲಿ ವರ್ಗಾವಣೆ ಸೌಲಭ್ಯವಿದ್ದರೆ ನಿಮ್ಮ ಟಿಕೆಟನ್ನು ನಿಮ್ಮ ನಂಬರಿಗೆ ಕಳಿಸಲು ಹೇಳಿ, ಬಂದ ಮೇಲೆ ಯುಪಿಐ ಮಾಡಿ. ಸ್ಕ್ರೀನ್‌ಶಾಟ್ ಮಾತ್ರ ಒಪ್ಪಬೇಡಿ. ಕ್ಯೂಆರ್ ಕೋಡ್ ಒಮ್ಮೆ ಸ್ಕ್ಯಾನ್ ಆದರೆ ಮುಗಿಯಿತು. ಅದೇ ಚಿತ್ರ ನಾಲ್ಕು ಜನರ ಕೈಲಿದ್ದರೆ ಮೊದಲು ಬಂದವರು ಒಳಗೆ, ಮಿಕ್ಕವರು ಗೇಟಿನಲ್ಲಿ ಬೌನ್ಸರ್ ಜೊತೆ ವಾದ. ವರ್ಗಾವಣೆ ಆಗದಿದ್ದರೆ ಇಬ್ಬರೂ ಒಟ್ಟಿಗೆ ಸ್ಕ್ಯಾನ್ ಮಾಡಿಸಿ, ಕೈಗೆ ಪ್ರವೇಶದ ಪಟ್ಟಿ (ರಿಸ್ಟ್‌ಬ್ಯಾಂಡ್) ಬಿದ್ದ ಮೇಲೆ ಹಣ ಕೊಡಿ. ಇದಕ್ಕೆ ಮುನಿಸಿಕೊಳ್ಳುವವರ ಜೊತೆ ಮೂರು ಗಂಟೆ ಹಾಡು ಕೇಳುವುದೂ ಕಷ್ಟವೇ.

'ಅರಮನೆ ಮೈದಾನದ ಹತ್ರ ಸಿಗೋಣ' ಅನ್ನುವುದು ವಿಳಾಸವಲ್ಲ. ಆ ಮೈದಾನದಲ್ಲಿ ಕಾರ್ಯಕ್ರಮ ನಡೆಯುವ ಜಾಗಗಳೇ ಹಲವು: ತ್ರಿಪುರವಾಸಿನಿಯ ಗೇಟೇ ಬೇರೆ, ಗಾಯತ್ರಿ ವಿಹಾರದ್ದೇ ಬೇರೆ. ಟಿಕೆಟ್‌ನಲ್ಲಿರುವ ಜಾಗದ ಹೆಸರು ನೋಡಿ. ಜನ ಸೇರಿದಂತೆ ನೆಟ್‌ವರ್ಕ್ ಕೈಕೊಡುತ್ತದೆ, ಲೈವ್ ಲೊಕೇಶನ್ನಿನ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಗೇಟಿನಲ್ಲಿ ಹುಡುಕಾಡುವ ಬದಲು ಒಂದೆರಡು ಗಂಟೆ ಮುಂಚೆ ದೂರದ ಯಾವುದಾದರೂ ದರ್ಶಿನಿಯಲ್ಲಿ ಕಾಫಿಗೆ ಸೇರಿ. ಹಿಂದಿನ ದಿನವೇ ಒಂದು ವಿಡಿಯೋ ಕಾಲ್ ಮಾಡಿ, ಮುಖ ಪ್ರೊಫೈಲಿಗೆ ಹೊಂದುತ್ತದೋ ನೋಡಿಕೊಳ್ಳಿ.

ವಾಪಸ್ಸು ಅವರ ಗಾಡಿ ಹತ್ತುವ ಲೆಕ್ಕಾಚಾರ ಬೇಡ. ಮುಗಿದ ಕೂಡಲೇ ಎಲ್ಲರೂ ಕ್ಯಾಬ್ ಬುಕ್ ಮಾಡುವುದರಿಂದ ಬಾಡಿಗೆ ಏರುತ್ತದೆ; ಕೊನೆಯ ಹಾಡಿಗೆ ಮೊದಲೇ ಹೊರಡಿ, ಇಲ್ಲವೇ ಅರ್ಧ ಗಂಟೆ ತಡೆದು ಮುಖ್ಯರಸ್ತೆಗೆ ನಡೆದು ಬಂದು ಬುಕ್ ಮಾಡಿ. ಪವರ್ ಬ್ಯಾಂಕನ್ನು ಕೆಲವು ಗೇಟುಗಳಲ್ಲಿ ಒಳಗೆ ಬಿಡುವುದಿಲ್ಲ, ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೋಗಿ.